ನಮ್ಮೂರ ರೈಲ್ವೆ

ತುಳಸಿಗೇರಿಯ ಅಗಸಿಯಲ್ಲಿ ನಿಂತು ‘ಹನಮಂತಾ’ ಎಂದು ಒಮ್ಮೆ ಕೂಗಿ ನೋಡಿ. ಚಹಾದಂಗಡಿಯಿಂದ ಮೂವರು, ಹಿಟ್ಟಿನ ಗಿರಣಿಯಿಂದ ಇಬ್ಬರು, ಕ್ಷೌರದಂಗಡಿಯಿಂದ ಅರ್ಧ ಗಡ್ಡದ ಒಬ್ಬ ತಿರುಗಿ ನೋಡುತ್ತಾರೆ. ಊರ ದೇವರು ಹನುಮಪ್ಪ. ಹುಟ್ಟಿದ ಗಂಡಿಗೆಲ್ಲ ಆತನದೇ ಹೆಸರು: ಹನಮಂತ, ಹನಮಪ್ಪ, ಮಾರುತಿ, ತುಳಸಿಗೇರೆಪ್ಪ, ಸ್ವಲ್ಪ ಓದಿದವರ ಮನೆಯಾದರೆ ತುಳಸಿಗಿರೀಶ. ಹೀಗಾಗಿ ಇಲ್ಲಿ ಮನುಷ್ಯನನ್ನು ಬೇರೆ ಮಾಡುವುದು ಅಡ್ಡಹೆಸರು. ಮೋಟರ್ ಹನಮಂತ, ಸೊಸಾಯಿಟಿ ಹನಮಪ್ಪ, ಬೋರ್‌ವೆಲ್ ಮಾರುತಿ. ಈಚೆಗೆ ಸೇರಿದವನು ‘ರೈಲ್ವೆ’. ಇವನಿಗೆ ಮೂಲ ಹೆಸರನ್ನು ಯಾರೂ ಜೋಡಿಸುವುದಿಲ್ಲ. “ರೈಲ್ವೆ ಬಂದಾನೇನು?” “ಇಲ್ಲೋ, ರೈಲ್ವೆ ಮಕ್ಕೊಂಡಾನ.” ಕನ್ನಡ ನಾಡಿನಲ್ಲೆಲ್ಲ ನಪುಂಸಕ ಲಿಂಗದಲ್ಲಿ ಓಡಾಡುವ ರೈಲ್ವೆಗೆ ಪುಲ್ಲಿಂಗ ಕೊಟ್ಟಿದ್ದು ನಮ್ಮೂರೇ ಇರಬೇಕು.

ಇವನು ಒಬ್ಬನೇ ಅಲ್ಲ. ಬಾದಾಮಿ, ಹುನಗುಂದ, ಇಳಕಲ್ಲ ಕಡೆಯ ಯಾವ ಹಳ್ಳಿಗೆ ಹೋದರೂ ಈಗ ಇಂಥವನೊಬ್ಬ ಸಿಗುತ್ತಾನೆ. ಹಿಂದೆ ಊರಿಗೊಬ್ಬ ಬಿ.ಎಡ್. ಮುಗಿಸಿ ಕಾಲ್‌ಫಾರ್ ಕಾಯುವವನಿದ್ದ. ಆಮೇಲೆ ಧಾರವಾಡದಲ್ಲಿ ರೂಮು ಹಿಡಿದು ಕೆ.ಎ.ಎಸ್. ಓದುವವ ಬಂದ. ಈಗಿನ ಅವತಾರ ಬಿ.ಇ. ಮುಗಿಸಿದ ಅಪ್ರೆಂಟಿಸ್. ಕೊರಳಲ್ಲಿ ತೂಗುವ ಗುರುತಿನ ಚೀಟಿ, ಹೆಗಲಿಗೆ ಲ್ಯಾಪ್‌ಟಾಪ್ ಬ್ಯಾಗು, ಕಾಲಲ್ಲಿ ಬೆರಳ ಮೇಲೆ ಕಬ್ಬಿಣ ಹೊದ್ದ ಸೇಫ್ಟಿ ಶೂ. ಹಳಿಯೇ ಇಲ್ಲದ ಊರಿಗೆ ಬರುವಾಗ ಸೇಫ್ಟಿ ಶೂ ಏಕೆ ಎಂದು ಕೇಳಿದರೆ, “ರೂಮಿನ್ಯಾಗ ಇಟ್ರ ಬೂಸ್ಟ ಹಿಡೀತಾವ್ರಿ” ಅನ್ನುತ್ತಾನೆ. ಅದೂ ನಿಜವೇ. ಆದರೆ ಹವಾಯಿ ಚಪ್ಪಲಿಯಲ್ಲಿ ಬಸ್ಸಿನಿಂದ ಇಳಿದರೆ ರೈಲ್ವೆ ಅನಿಸುವುದಿಲ್ಲ ಎಂಬುದು ಅದಕ್ಕಿಂತ ಹೆಚ್ಚು ನಿಜ.

ಕಾಗದದ ಮೇಲೆ ಇವನು ಏನು ಎಂದು ನೋಡಹೋದರೆ 1961ರ ಅಪ್ರೆಂಟಿಸ್ ಕಾಯ್ದೆ ಮುಲಾಜಿಲ್ಲದೆ ಹೇಳುತ್ತದೆ. 18ನೇ ಕಲಮಿನಂತೆ ಅಪ್ರೆಂಟಿಸ್ ತರಬೇತಿ ಪಡೆಯುವವ, ಕೆಲಸಗಾರನಲ್ಲ. 22ನೇ ಕಲಮು, 2014ರ ತಿದ್ದುಪಡಿಯ ಮೇಲೆ, ತರಬೇತಿ ಮುಗಿದವರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಬಗ್ಗೆ ಮಾಲೀಕನು ತನ್ನದೇ ಒಂದು ನೀತಿ ಮಾಡಿಕೊಳ್ಳಬೇಕು ಅನ್ನುತ್ತದೆ. ಆ ನೀತಿಯಲ್ಲಿ ‘ತೆಗೆದುಕೊಳ್ಳಬೇಕು’ ಎಂದು ಇರಲೇಬೇಕೆಂದು ಮಾತ್ರ ಅನ್ನುವುದಿಲ್ಲ. ಕರಾರು ಒಂದು ವರ್ಷದ್ದು. ಬರುವುದು ಪಗಾರವಲ್ಲ, ಸ್ಟೈಪೆಂಡು: 2019ರ ನಿಯಮದಂತೆ ಪದವೀಧರನಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ, ಡಿಪ್ಲೊಮಾದವನಿಗೆ 8,000. ಅದಕ್ಕೂ ಮೊದಲು ಪದವೀಧರನ ಬೆಲೆ 4,984 ಇತ್ತು. ಆ 84ರ ಲೆಕ್ಕ ಹಾಕಿದ ಪುಣ್ಯಾತ್ಮ ಯಾರೋ, ಅವನೂ ಯಾವುದೋ ಕಚೇರಿಯಲ್ಲಿ ಅಪ್ರೆಂಟಿಸ್ ಇದ್ದಿರಬೇಕು.

ಈ ಕಲಮುಗಳು ತುಳಸಿಗೇರಿಗೆ ಬಂದು ಮುಟ್ಟಲಿಲ್ಲ. ಮುಟ್ಟಿದ್ದು ಪೇಢೆ. ಇವನ ಅಪ್ಪ ಬಾಗಲಕೋಟೆಯಿಂದ ಎರಡು ಕಿಲೋ ತಂದು, ಹನುಮಪ್ಪನ ಮುಂದೆ ಇಟ್ಟು, ಊರಿಗೆಲ್ಲ ಹಂಚುತ್ತ ಹೇಳಿದ್ದು ಒಂದೇ ವಾಕ್ಯ: “ನಮ್ಮ ಹುಡುಗ ರೈಲ್ವೆದಾಗ ಇಂಜಿನಿಯರ್ ಆದ.” ಆದೇಶದ ಕಾಗದದಲ್ಲಿದ್ದ ಮಿಕ್ಕ ಪದ ಪೇಢೆಯ ಜೊತೆಗೇ ಗಂಟಲಲ್ಲಿ ಇಳಿದುಹೋಯಿತು. ಅಪ್ಪನದು ಸುಳ್ಳು ಎಂದು ನಾನು ಹೇಳಲಾರೆ. ಹುಡುಗ ರೈಲ್ವೆಯಲ್ಲಿ ಇದ್ದಾನೆ, ಇಂಜಿನಿಯರೂ ಹೌದು. ಎರಡನ್ನೂ ಕೂಡಿಸಿದರೆ ಏನಾಗುತ್ತದೋ ಅದಷ್ಟೇ ಇನ್ನೂ ಆಗಿಲ್ಲ.

ಇವನು ಸೇರಿದ್ದು ಕೊಂಕಣ ರೈಲ್ವೆಗೆ. 2024ರಲ್ಲಿ ಪದವಿ, ಡಿಪ್ಲೊಮಾ ಮುಗಿಸಿದವರಿಂದ 190 ಅಪ್ರೆಂಟಿಸ್ ಜಾಗಗಳಿಗೆ ಅವರು ಅರ್ಜಿ ಕರೆದಿದ್ದರು. ರೋಹಾದಿಂದ ತೋಕೂರಿನವರೆಗೆ 741 ಕಿ.ಮೀ. ಹಳಿ, 91 ಸುರಂಗ. 1998ರ ಜನವರಿ 26ರಂದು ಪೂರ್ತಿ ತೆರೆದ ಮಾರ್ಗ. ಅದರ ಮೂಲ ಬಂಡವಾಳದಲ್ಲಿ ಕರ್ನಾಟಕದ ಪಾಲು ನೂರಕ್ಕೆ 15. “ಅದರಾಗ ನಮ್ಮ ಪಾಲೂ ಐತಿ” ಎಂದು ಅಪ್ಪ ಹೇಳುವಾಗ, ಹೊಲದ ಉತಾರದಲ್ಲಿ ಹೆಸರು ಏರಿದಂತೆಯೇ ಧ್ವನಿ.

ಜಾಗ ಸಿಕ್ಕಿದ್ದು ಕಾರವಾರದ ಕಡೆ. ರೈಲ್ವೆ ಸೇರಲು ಹುಡುಗ ಹೊರಟಿದ್ದು ಬಸ್ಸಿನಲ್ಲಿ. ರೈಲಿನಲ್ಲೇ ಹೋಗುತ್ತೇನೆಂದರೆ ಹುಬ್ಬಳ್ಳಿ, ಲೋಂಡಾ, ಕ್ಯಾಸಲ್‌ರಾಕ್, ಮಡಗಾಂವ್ ಸುತ್ತಿ, ಅಲ್ಲಿಂದ ಮತ್ತೆ ತೆಂಕಣಕ್ಕೆ ಇಳಿಯಬೇಕು. ನೇರ ದಾರಿ ಎಂದರೆ ಹುಬ್ಬಳ್ಳಿ–ಅಂಕೋಲಾ ಹಳಿ. ಅದು ಕಳೆದ ಶತಮಾನದ ತೊಂಬತ್ತರ ದಶಕದಲ್ಲಿ ಮಂಜೂರಾಗಿ, ಇನ್ನೂ ಕಾಡಿನ ಅಪ್ಪಣೆಗಾಗಿ ಕಾಯುತ್ತಿದೆ. ಬಸ್ಸಿನಲ್ಲಿ ಪಕ್ಕದವರು “ಎಲ್ಲಿಗೆ ಹೊಂಟೀರಿ?” ಎಂದಾಗ ಇವನು “ರೈಲ್ವೆ ಡ್ಯೂಟಿಗೆ” ಎಂದನಂತೆ. “ಮತ್ತ ಬಸ್ಸಿನ್ಯಾಗ?” ಎಂದು ಅವರು ಕೇಳಿದ್ದಕ್ಕೆ ಇವನಿಗೆ ಯಲ್ಲಾಪುರ ದಾಟುವವರೆಗೆ ಉತ್ತರ ಹೊಳೆಯಲಿಲ್ಲ.

ತಾಯಿ ಕಟ್ಟಿಕೊಟ್ಟಿದ್ದು ನಲವತ್ತು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ, ಕೆಂಪಿಂಡಿ. ತುಳಸಿಗೇರಿಯ ಲೆಕ್ಕದಲ್ಲಿ ಇದು ಒಂದು ತಿಂಗಳ ರೇಶನ್ನು. ಖಡಕ್ ರೊಟ್ಟಿ ಇಲ್ಲಿ ಕೆಡುವುದಿಲ್ಲ, ಬಿದ್ದರೆ ಸಪ್ಪಳ ಮಾಡುತ್ತದೆ. ಆದರೆ ಬಾಗಲಕೋಟೆಯಲ್ಲಿ ವರ್ಷವಿಡೀ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು, ಕಾರವಾರದಲ್ಲಿ 3,000ದ ಆಸುಪಾಸು. ಅದರಲ್ಲಿ ಬಹುಪಾಲು ಇವನು ಹೋದ ಮೇಲೆಯೇ ಬಿತ್ತು. ಮೂರನೇ ದಿನ ಡಬ್ಬಿ ತೆಗೆದರೆ ರೊಟ್ಟಿ ಚಪಾತಿಯಂತೆ ಬಾಗುತ್ತಿತ್ತು. ಐದನೇ ದಿನ ಹಸಿರು. ಇಂಜಿನಿಯರಲ್ಲವೆ? ತಾಯಿಗೆ ಫೋನು ಮಾಡಿ ಆರ್ದ್ರತೆ, ವಾತಾವರಣದ ಒತ್ತಡ ಎಲ್ಲ ವಿವರಿಸಿದ. ಆಕೆ ಪೂರ್ತಿ ಕೇಳಿಕೊಂಡು, “ಹಂಚಿನ ಮ್ಯಾಲ ಒಮ್ಮಿ ಬಿಸಿ ಮಾಡ್ಕೋಪಾ” ಎಂದಳು. ಬಿ.ಇ. ನಾಲ್ಕು ವರ್ಷದಲ್ಲಿ ಇಷ್ಟು ಚಿಕ್ಕ ಉತ್ತರ ಅವನಿಗೆ ಎಲ್ಲಿಯೂ ಸಿಕ್ಕಿರಲಿಲ್ಲ.

ಕೆಲಸದ ಜಾಗದಲ್ಲಿ ಇವನಿಗೆ ಸಿಕ್ಕ ನಿಜವಾದ ಮೇಷ್ಟ್ರು ಒಬ್ಬ ಕೀಮನ್. ಕೀಮನ್ ಎಂದರೆ ತನ್ನ ಪಾಲಿನ ಹಳಿಯನ್ನು ದಿನಾ ನಡೆದು ನೋಡುವವ. ಸ್ಲೀಪರಿಗೆ ಹಳಿಯನ್ನು ಹಿಡಿದಿಟ್ಟ ಕ್ಲಿಪ್ಪು ಸಡಿಲಾಗಿದ್ದರೆ ಸುತ್ತಿಗೆಯಿಂದ ಬಡಿದು ಕೂರಿಸುವವ. ಇವನ ಕೀಮನ್ ಕುಮಟಾ ಕಡೆಯವರು, ನಿವೃತ್ತಿಗೆ ಹತ್ತಿರ, ಮಾತು ಕಡಿಮೆ. ಹಳಿಯ ಮೇಲೆ ಇವನು ಸ್ಲೀಪರಿನಿಂದ ಸ್ಲೀಪರಿಗೆ ಹಾರುತ್ತಿದ್ದರೆ ಅವರು ಅಂಗಳದಲ್ಲಿ ತಿರುಗುವಂತೆ ನಡೆಯುತ್ತಿದ್ದರಂತೆ. ಸುತ್ತಿಗೆಯ ಸದ್ದು ಕೇಳಿ “ಇದು ಕೂತಿದೆ, ಇದು ಕೂತಿಲ್ಲ” ಎನ್ನುತ್ತಿದ್ದರು. ಇವನಿಗೆ ಎರಡೂ ಒಂದೇ ‘ಠಣ್’. ವಾರ ಕಳೆದ ಮೇಲೆ ಒಂದು ಸಲ ಇವನೇ ಧೈರ್ಯ ಮಾಡಿ “ಇದು ಕೂತಿಲ್ಲ” ಎಂದ. ಕೀಮನ್ ಬಡಿದು ನೋಡಿ, “ಕೂತಿದೆ ಸರ್, ನೀವೇ ಮೇಲೆ ನಿಂತಿದ್ದೀರಿ” ಎಂದರು.

ಒಂದು ಮಳೆಯ ದಿನ ಕತ್ತರಿಸಿದ ಗುಡ್ಡದ ಕೆಳಗೆ ನಿಂತಾಗ ಅವರೊಂದು ಪ್ರಶ್ನೆ ಹಾಕಿದರು. “ಗುಡ್ಡ ಹಳಿ ಮೇಲೆ ಬಿತ್ತು ಅಂತ ಇಟ್ಕೊಳ್ಳಿ. ಗಾಡಿ ಬರೂ ಹೊತ್ತು. ಎಂತ ಮಾಡ್ತ್ರಿ ಸರ್?” ನಮ್ಮ ರೈಲ್ವೆಗೆ ಕೊನೆಗೂ ಸಿಲೆಬಸ್ಸಿನೊಳಗಿನ ಪ್ರಶ್ನೆ ಸಿಕ್ಕಿತು. ಮಣ್ಣಿನ ಕೋನ, ನೀರಿನ ಒತ್ತಡ, ತಡೆಗೋಡೆ, ಸುರಕ್ಷತಾ ಗುಣಾಂಕ ಎಂದು ಹತ್ತು ನಿಮಿಷ ಮಾತನಾಡಿದ. ಕೀಮನ್ ಬೀಡಿ ಆರದಂತೆ ಅಂಗೈಯಲ್ಲಿ ಮರೆಮಾಡಿಕೊಂಡು ಕೇಳಿದರು. ಆಮೇಲೆ, “ಓಡ್ಬೇಕು ಸರ್” ಎಂದರು. “600 ಮೀಟರಿಗೆ ಒಂದು ಪಟಾಕಿ ಹಳಿ ಮೇಲೆ ಇಡ್ಬೇಕು. ಮತ್ತೂ ಓಡಿ, 1,200 ಮೀಟರಿಗೆ ಮೂರು, ಹತ್ತತ್ತು ಮೀಟರ್ ಅಂತರದಲ್ಲಿ. ಕೆಂಪು ತೋರಿಸ್ತಾ ಓಡ್ಬೇಕು. ಲೆಕ್ಕ ಆಮೇಲೆ ಮಾಡುವ.” ಪಟಾಕಿ ಎಂದರೆ ಡಿಟೊನೇಟರು. ಗಾಲಿ ಅದರ ಮೇಲೆ ಹತ್ತಿದರೆ ಸಿಡಿಯುತ್ತದೆ, ಚಾಲಕ ಬ್ರೇಕು ಹಾಕುತ್ತಾನೆ. ಜೂನಿನಿಂದ ಅಕ್ಟೋಬರಿನ ತನಕ ಕೊಂಕಣ ರೈಲ್ವೆಯಲ್ಲಿ ಗಾಡಿಗಳಿಗೆ ಬೇರೆಯೇ ಮಳೆಗಾಲದ ವೇಳಾಪಟ್ಟಿ. ರಾತ್ರಿ ಹಗಲೆನ್ನದೆ ಗಸ್ತು ತಿರುಗುವವರ ಚೀಲದಲ್ಲಿ ಈ ಪಟಾಕಿ ಇದ್ದೇ ಇರುತ್ತದೆ. ಬಾದಾಮಿಯ ಮೂರನೇ ಗುಹೆಯನ್ನು 578ರಲ್ಲಿ ಕೊರೆದ ಬಂಡೆ ಇನ್ನೂ ಜಗ್ಗಿಲ್ಲ. ಅಂಥ ಕಲ್ಲಿನ ಸೀಮೆಯವನಿಗೆ ಒಂದು ಮಳೆಗೆ ಕೆಳಗಿಳಿದು ಬರುವ ಗುಡ್ಡವನ್ನು ನಂಬುವುದೇ ಕಷ್ಟವಾಯಿತು. ನಂಬಿದ ಮೇಲೆ ರಾತ್ರಿ ನಿದ್ದೆ ಬರುವುದು ಕಷ್ಟವಾಯಿತು.

ಈ ಕೀಮನ್ ಕತೆಗಳನ್ನು ಅವನು ಊರಲ್ಲಿ ಹೇಳುವುದಿಲ್ಲ. ನನಗೆ ಗೊತ್ತಾದದ್ದು ಒಂದು ರಾತ್ರಿ ಮಾಳಿಗೆಯ ಮೇಲೆ ಕರೆಂಟು ಹೋದಾಗ. ಊರಿಗೆ ಅವನು ಕೊಡುವುದು ಬೇರೆ ಸರಕು, ಮುಖ್ಯವಾಗಿ ವಾಟ್ಸಾಪ್ ಸ್ಟೇಟಸ್ಸು. ಹೊನ್ನಾವರದಲ್ಲಿ ಶರಾವತಿಗೆ ಕಟ್ಟಿದ 2 ಕಿ.ಮೀ. ಮೀರಿದ ಸೇತುವೆ ಕೊಂಕಣ ರೈಲ್ವೆಯಲ್ಲೇ ಉದ್ದದ್ದು. ಅದರ ಮುಂದೆ ಹೆಲ್ಮೆಟ್ಟು, ಕಿತ್ತಳೆ ಜಾಕೀಟು ಹಾಕಿ ಕೈ ಕಟ್ಟಿ ನಿಂತ ಫೋಟೋ, ಕೆಳಗೆ ಎರಡೇ ಪದ: ‘ಕೆಲಸ ಸಾಗಿದೆ’. ಸೇತುವೆ ಇವನು ಹುಟ್ಟುವ ಮೊದಲೇ ಕಟ್ಟಿ ಮುಗಿದದ್ದು. ಆದರೂ ಊರಿನ ನಾಲ್ಕು ಮಂದಿ ಇವನ ತಾಯಿಯ ಕಡೆ ಬಂದು, “ಮಗಾ ಹೊಳಿಗಿ ಚೊಲೊ ಪೂಲ ಕಟ್ಯಾನ ಬಿಡವಾ” ಎಂದು ಹೇಳಿ ಹೋದರು. ಆಕೆ, “ಹೂಂ, ಮಳ್ಯಾಗ ಭಾಳ ತ್ರಾಸ ಆತಂತ” ಎಂದಳು.

ಊರಿಗೆ ಬಂದ ಶನಿವಾರ ಇವನು ದೇವಸ್ಥಾನಕ್ಕೆ ಹೋಗಿ ಕೈಮುಗಿದು ಹೊರಗೆ ಬರುವಷ್ಟರಲ್ಲಿ ಕಟ್ಟೆಯ ಮೇಲೆ ಸಂಸತ್ತು ಸೇರಿರುತ್ತದೆ. ಇಡೀ ಭಾರತೀಯ ರೈಲ್ವೆ ಇವನ ಜವಾಬ್ದಾರಿ. ಯಶವಂತಪುರಕ್ಕೆ ಹೋದವರ ಟಿಕೇಟು ವೇಟಿಂಗ್‌ನಲ್ಲೇ ಉಳಿದದ್ದೇಕೆ, ಗಾಡಿಯಲ್ಲಿ ಮೊಬೈಲ್ ಚಾರ್ಜ್ ಆಗದ್ದೇಕೆ, ಫಾಟಕ ಹಾಕಿ ಅರ್ಧ ತಾಸು ನಿಲ್ಲಿಸಿದ್ದೇಕೆ ಎಂಬೆಲ್ಲಕ್ಕೂ ಉತ್ತರ ಇವನೇ ಕೊಡಬೇಕು. ಸ್ಲೀಪರಿನ ತತ್ಕಾಲ್ ಹನ್ನೊಂದಕ್ಕೆ ತೆರೆಯುತ್ತದೆ ಎಂದು ಯಾರೋ ಕಲಿತಿದ್ದಾರೆ. ಹತ್ತು ಐವತ್ತಕ್ಕೆ ಸರಿಯಾಗಿ ಕಾರವಾರದ ಮಳೆಯಲ್ಲಿ ಇವನ ಫೋನು ಬಾರಿಸುತ್ತದೆ. “ನಿಮ್ಮ ಆಫೀಸಿನಾಗ ಒಂದ್ ಮಾತ ಹೇಳಿಬಿಡ್ಪಾ.” ಇವನು ಹಳಿಯ ಪಕ್ಕದಲ್ಲಿ ಕೊಡೆ ಹಿಡಿದು, ಎಲ್ಲರಂತೆ ತಾನೂ ಮೊಬೈಲಿನಲ್ಲಿ ಆ್ಯಪ್ ತೆರೆದು, ಎಲ್ಲರಂತೆ ತಾನೂ ಸೋಲುತ್ತಾನೆ. ಸಂಜೆ ಫೋನು ಮಾಡಿ, “ಮ್ಯಾಲಿಂದ ಕೋಟಾ ಬ್ಲಾಕ್ ಆಗಿತ್ರಿ” ಅನ್ನುತ್ತಾನೆ. ನಿನಗೆ ಪಾಸು ಸಿಗುತ್ತದೇನೋ ಎಂದು ಯಾರಾದರೂ ಕೇಳಿದರೆ ಮಾತ್ರ, ಈ ಸಲ ಗೋವಿನಜೋಳದ ರೇಟು ಹೇಗಿದೆ ಎಂದು ತಿರುಗಿ ಕೇಳುತ್ತಾನೆ.

ಕಟ್ಟೆಯ ದೊಡ್ಡ ಪ್ರಶ್ನೆ ಎಂದರೆ ಕುಡಚಿ ಹಳಿ. ಬಾಗಲಕೋಟೆಯಿಂದ ಕುಡಚಿಗೆ 142 ಕಿ.ಮೀ., 2010–11ರಲ್ಲಿ ಮಂಜೂರಾದದ್ದು. ಖಜ್ಜಿಡೋಣಿಯವರೆಗೆ ಹೇಗೋ ಬಂತು, ಕುಡಚಿಯನ್ನು ಮಾತ್ರ ಇನ್ನೂ ಮುಟ್ಟಿಲ್ಲ. ನಮ್ಮ ಭಾಗದ ಹಿರಿಯರಿಗೆ ಇದು ಬರೀ ಹಳಿಯಲ್ಲ, ಹಳೆಯ ಸೇಡು. ಪಕ್ಕದ ಕಲಾದಗಿ ಒಂದು ಕಾಲದಲ್ಲಿ ಜಿಲ್ಲಾ ಕೇಂದ್ರ. 1884ರಲ್ಲಿ ಹೊಟಗಿ–ಗದಗ ಮಾರ್ಗ ವಿಜಯಪುರ, ಬಾಗಲಕೋಟೆ, ಬಾದಾಮಿ ಮೇಲೆ ಹಾದು ಕಲಾದಗಿಯನ್ನು ಪಕ್ಕಕ್ಕೆ ಬಿಟ್ಟಿತು. ಮರುವರ್ಷ, 1885ರಲ್ಲಿ, ಕಲೆಕ್ಟರ ಕಚೇರಿ ವಿಜಯಪುರಕ್ಕೆ ಎದ್ದುಹೋಯಿತು. “ರೈಲು ಬರದ್ದಕ್ಕ ಜಿಲ್ಲಾ ಹೋತು” ಎಂದು ಕಟ್ಟೆಯ ಪಿಂಚಣಿದಾರರು ಈಗಲೂ ನಿನ್ನೆ ಹೋದದ್ದರಂತೆ ಹೇಳುತ್ತಾರೆ. ಅಂಥವರ ನಡುವೆ ಕೂತು ನಮ್ಮ ರೈಲ್ವೆ ಒಂದು ದಿನ ತನ್ನ ವಿದ್ಯೆ ತೆಗೆದ. ಉಕ್ಕು ಬಿಸಿಲಿಗೆ ಹಿಗ್ಗುತ್ತದೆ; 40 ಡಿಗ್ರಿ ಏರಿದರೆ ಒಂದು ಕಿಲೋಮೀಟರ್ ಹಳಿ, ಬಿಟ್ಟರೆ, ಸುಮಾರು 46 ಸೆಂಟಿಮೀಟರ್ ಉದ್ದವಾಗುತ್ತದೆ; ಹಾಗಾಗಗೊಡದಂತೆ ಹಿಡಿದಿಡುವುದೇ ನಮ್ಮ ಕೆಲಸ ಎಂದ. ಎಲ್ಲರೂ ತಲೆದೂಗಿದರು. ಮೂಲೆಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದ ಒಬ್ಬ ಮುದುಕ ನಿಧಾನವಾಗಿ ಕೇಳಿದ: “ಬಿಸಲಿಗಿ ಹಿಗ್ತೈತಿ ಅಂದಿ?” “ಹೌದ್ರಿ ಕಾಕಾ.” “ಮತ್ತ ಈ ಕುಡಚಿ ಹಳಿ ಯಾಕ ಹಿಗ್ಗವಲ್ದು? ಹದಿನೈದ ಬ್ಯಾಸಿಗಿ ಕಂಡೈತಿ.”

ಇನ್ನೊಬ್ಬರಿದ್ದಾರೆ, ಬಾಗಲಕೋಟೆಯಿಂದ ಶ್ರಾವಣ ಶನಿವಾರಗಳಿಗೆ ಬರುವ ನಿವೃತ್ತ ಗಾರ್ಡ್ ಸಾಹೇಬರು. ಮೀಟರ್‌ಗೇಜ್ ಕಾಲದವರು. ಅವರ ಪಾಲಿಗೆ 1,000 ಮಿಲಿಮೀಟರಿನಿಂದ 1,676ಕ್ಕೆ ಹಳಿ ಅಗಲವಾದ ಮೇಲೆ ರೈಲ್ವೆಯ ಮರ್ಯಾದೆ ಅಷ್ಟೇ ಕಿರಿದಾಗಿದೆ. ಅಪ್ರೆಂಟಿಸ್ ಎಂಬ ಪದ ಕಿವಿಗೆ ಬಿದ್ದದ್ದೇ ಅವರು ಕೈಮುಗಿದರು. “ಜಮಾಲ್ಪುರದಾಗ ಅಪ್ರೆಂಟಿಸ್ ಅಂದ್ರ ಏನಂತಿಳಿದೀರಿ!” 1927ರಿಂದ ಬಿಹಾರದ ಜಮಾಲ್‌ಪುರದಲ್ಲಿ ಸ್ಪೆಷಲ್ ಕ್ಲಾಸ್ ಅಪ್ರೆಂಟಿಸರೆಂಬ ಒಂದು ಕುಲವಿತ್ತು. ಆಮೇಲಾಮೇಲೆ ಪಿ.ಯು. ಮುಗಿಸಿದ ಹುಡುಗರು ಯು.ಪಿ.ಎಸ್.ಸಿ. ಪರೀಕ್ಷೆ ಬರೆದು ಅಲ್ಲಿಗೆ ಹೋಗುತ್ತಿದ್ದರು. ಕಾರ್ಖಾನೆಯ ಎಣ್ಣೆಯಲ್ಲಿ ಕೈ ಕಪ್ಪು ಮಾಡಿಕೊಂಡು ಕಲಿತು ಹೊರಬಂದರೆ ನೇರ ರೈಲ್ವೆ ಅಧಿಕಾರಿಗಳು. ಆ ಪದ್ಧತಿ ಹತ್ತು ವರ್ಷದ ಹಿಂದೆ ನಿಂತುಹೋಯಿತು. ಗಾರ್ಡ್ ಸಾಹೇಬರು ನಿಂತುಹೋದದ್ದನ್ನೂ ಹೇಳಿದರು. ಅಪ್ಪ ಮಾತ್ರ ಅಷ್ಟರಲ್ಲಿ ಎದ್ದು ಚಹಾ ಹೇಳಲು ಹೋಗಿದ್ದ. ಮರುದಿನದಿಂದ ಊರಲ್ಲಿ, “ಈ ಅಪ್ರೆಂಟಿಸ್ ಮಾಡಿದವ್ರ ಮುಂದ ಜನರಲ್ ಮ್ಯಾನೇಜರ್ ಆಗ್ತಾರಂತ, ಗಾರ್ಡ್ ಸಾಹೇಬ್ರ ಹೇಳ್ಯಾರ” ಎಂಬ ಮಾತು ಓಡಾಡತೊಡಗಿತು.

ಹುಡುಗನಿಗೂ ಅಳೆಯುವ ಚಟ ಹತ್ತಿದೆ. ಜೇಬಿನಲ್ಲಿ ಸದಾ ಉಕ್ಕಿನ ಟೇಪು. ಸೋದರಮಾವನ ಚಕ್ಕಡಿಯ ಎರಡು ಗಾಲಿಗಳ ನಡುವಿನ ಅಂತರ ಮುಂದೆ ಒಂದು, ಹಿಂದೆ ಒಂದು ಬಂತು. “ಮಾಮಾ, ಗೇಜ್ ಔಟ್ ಐತಿ. ನಮ್ಮಲ್ಲಿ ಹಿಂಗಿದ್ರ ಗಾಡಿ ಹಳಿ ಬಿಟ್ಟ ಇಳೀತೈತಿ” ಎಂದ. ಮಾವ ಎತ್ತಿನ ಹಗ್ಗ ಬಿಗಿಯುತ್ತ, “ನಿಮ್ಮ ಇಂಜಿನ್ನಿಗಿ ಬುದ್ಧಿ ಇಲ್ಲಲ್ಲ, ಅದಕ್ಕ. ನನ್ನ ಎತ್ತಿಗಿ ದಾರಿ ಗೊತ್ತೈತಿ” ಎಂದು ಹೊರಟೇಬಿಟ್ಟ.

ಹೀಗೆ ಊರೇ ಮಂತ್ರಿ ಮಾಡಿ ಕೂರಿಸಿದ ಮೇಲೆ ಕನ್ಯಾ ನೋಡುವುದು ತಡವಾಗಬಾರದಲ್ಲ. ಇಳಕಲ್ಲಿನ ಒಂದು ಮನೆ. ನಾನೂ ಹೋಗಿದ್ದೆ, ಕಾರಿನಲ್ಲಿ ಒಂದು ಸೀಟು ಉಳಿದಿತ್ತು. ಶಿರಾ, ಉಪ್ಪಿಟ್ಟು ಬಂತು. ಪಕ್ಕದ ಮನೆಯ ಮಗ್ಗದ ಸದ್ದು ಗೋಡೆಯ ಆಚೆಯಿಂದ ಒಂದೇ ಸಮ ಕೇಳುತ್ತಿತ್ತು. ಹುಡುಗಿಯ ಸೋದರಮಾವ ಸೀರೆ ವ್ಯಾಪಾರಿ. ಬಟ್ಟೆ ಮುಟ್ಟಿ ರೇಷ್ಮೆ ಎಷ್ಟು, ನೂಲೆಷ್ಟು ಹೇಳುವ ಪೈಕಿ. ಉಪ್ಪಿಟ್ಟು ಮುಗಿಯುವವರೆಗೆ ಸುಮ್ಮನಿದ್ದು ಆಮೇಲೆ ಕೇಳಿದ.

“ನೌಕರಿ ಪರ್ಮನೆಂಟ್ ಏನ್ರಿ?”

ಅಪ್ಪ ಈ ಪ್ರಶ್ನೆಗೆ ತಯಾರಾಗಿಯೇ ಬಂದಿದ್ದ. “ಹುಡುಗನ ಡಿಪಾರ್ಟ್‌ಮೆಂಟಿನ ಹೆಸರ ಪರ್ಮನೆಂಟ್ ವೇ ಐತ್ರಿ.”

“ಡಿಪಾರ್ಟ್‌ಮೆಂಟ್ ಬಿಡ್ರಿ.”

“ರೈಲ್ವೆ ಅಂದಮ್ಯಾಲ ಪರ್ಮನೆಂಟ್ ಅಲ್ದ ಮತ್ತೇನ್ರಿ? 1853ರಿಂದ ಓಡಾಕತ್ತೈತಿ.”

“ರೈಲ್ವೆ ಪರ್ಮನೆಂಟ್ ಇರೂದು ಗೊತ್ತೈತ್ರಿ. ನಾವು ಹುಡುಗನ್ನ ಕೇಳಾಕತ್ತೀವಿ.”

ಮಗ್ಗ ಕೂಡ ಆಗಲೇ ನಿಲ್ಲಬೇಕೆ? ಹುಡುಗ ಚಹಾದ ಬಸಿಯ ಅಂಚಿನ ಅಳತೆಯನ್ನು ಕಣ್ಣಲ್ಲೇ ತೆಗೆಯುತ್ತಿದ್ದ. ಆಗ ಬಾಗಿಲ ಕಡೆ ನಿಂತಿದ್ದ ಹುಡುಗಿ, ಎಲೆಕ್ಟ್ರಾನಿಕ್ಸ್ ಬಿ.ಇ. ಆದವಳು, ತಣ್ಣಗೆ ಕೇಳಿದಳು: “ನಾಟ್ಸ್ ಏನ್ರಿ ನಿಮ್ದು?”

“ಹೌದ್ರಿ.” ಅವನ ದನಿಯಲ್ಲಿ ಬಾಗಲಕೋಟೆಯೂ ಇರಲಿಲ್ಲ, ಕಾರವಾರವೂ ಇರಲಿಲ್ಲ.

“ಸರಕಾರದ ಅರ್ಧ ಬಂತೇನ್ರಿ, ಇಲ್ಲಾ ಇನ್ನೂ ಪೆಂಡಿಂಗ್ ತೋರಸ್ತೈತೇನು?”

ವಿಷಯ ಇಷ್ಟೇ. ನಾಟ್ಸ್ ಎಂದರೆ ಪದವೀಧರ ಅಪ್ರೆಂಟಿಸರ ಸರಕಾರಿ ಯೋಜನೆ. ಅದರಲ್ಲಿ ಸ್ಟೈಪೆಂಡಿನ ಅರ್ಧ ಸಂಸ್ಥೆಯದು, ಅರ್ಧ ಕೇಂದ್ರ ಸರಕಾರದ್ದು. ಸರಕಾರದ ಪಾಲು ಈಗ ನೇರ ಖಾತೆಗೆ ಬೇರೆಯಾಗಿ ಬರುತ್ತದೆ. ಅವಳ ಅಪ್ರೆಂಟಿಸ್ ಹಿಂದಿನ ವರ್ಷವಷ್ಟೇ ಮುಗಿದಿತ್ತು. ಮುಂದಿನ ಅರ್ಧ ತಾಸು ಇಬ್ಬರೂ ಆಧಾರ್ ಜೋಡಣೆ, ಪೋರ್ಟಲ್ಲು, ಪ್ರತಿ ತಿಂಗಳ ಹಾಜರಿ ಅಪ್‌ಲೋಡು, ಇನ್ನೂ ಬರಬೇಕಾದ ಪ್ರಮಾಣಪತ್ರ ಎಂದು ಎಷ್ಟು ತಲ್ಲೀನರಾಗಿ ಮಾತಾಡಿದರೆಂದರೆ, ಒಳಗಿದ್ದ ಹೆಂಗಸರು ಕೂಡಿತು ಎಂದು ಸಕ್ಕರೆ ಡಬ್ಬಿ ತೆಗೆದರು. ಇವನ ಮುಖದಲ್ಲಿ ಅಂಥ ನಿರಾಳ ನಾನು ತುಳಸಿಗೇರಿಯಲ್ಲಿ ಎಂದೂ ಕಂಡಿರಲಿಲ್ಲ. ಒಂದು ವರ್ಷದಲ್ಲಿ ಮೊದಲ ಸಲ, ಅವನು ಏನೋ ಅದನ್ನೇ ಗುರುತಿಸಿ ಯಾರೋ ಮಾತಾಡಿಸಿದ್ದರು. ಸೋದರಮಾವ ಮಾತ್ರ ಕಾರಿನ ತನಕ ಕಳಿಸಲು ಬಂದು, ಅಪ್ಪನ ಕೈ ಹಿಡಿದು, “ತಪ್ಪ ತಿಳೀಬ್ಯಾಡ್ರಿ. ಎರಡ ಅಪ್ರೆಂಟಿಸ್ ಕೂಡಿದ್ರ ಒಂದ ಪರ್ಮನೆಂಟ್ ಆಗೂದಿಲ್ರಿ” ಎಂದ.

ಆಮೇಲೆ ಶುರುವಾಯಿತು ಪರೀಕ್ಷೆಯ ಹುಚ್ಚು. ಜೂನಿಯರ್ ಇಂಜಿನಿಯರ್ ಹುದ್ದೆಗೆ ಓದುವುದು ಇದ್ದೇ ಇದೆ. ಅದಾಗದಿದ್ದರೆ ಇರಲಿ ಎಂದು ಲೆವೆಲ್ ಒಂದಕ್ಕೂ ಅರ್ಜಿ. ಹಿಂದೆ ಗ್ರೂಪ್ ಡಿ ಎನ್ನುತ್ತಿದ್ದುದು, ಎಸ್ಸೆಸ್ಸೆಲ್ಸಿ ಆದವರ ಹುದ್ದೆ, ಮೂಲ ಪಗಾರ 18,000. ಅಂದರೆ ಇಂಜಿನಿಯರಿನ ಸ್ಟೈಪೆಂಡಿನ ಎರಡು ಪಟ್ಟು. 2019ರಲ್ಲಿ ಇಂಥ 1,03,769 ಜಾಗ ಕರೆದಾಗ ಬಂದ ಅರ್ಜಿಗಳು ಒಂದು ಕೋಟಿಗೂ ಮೇಲೆ. ಪರೀಕ್ಷೆ ನಡೆಯುವಷ್ಟರಲ್ಲಿ 2022 ಆಗಿತ್ತು. ಹತ್ತನೇ ತರಗತಿಯಲ್ಲಿ ಇವನ ಹಿಂದಿನ ಬೆಂಚಿನಲ್ಲಿ ಕೂತು ಇವನದೇ ಗಣಿತ ನಕಲು ಮಾಡಿದ ಗೆಳೆಯನೊಬ್ಬ ಐ.ಟಿ.ಐ. ಮಾಡಿ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಅಪ್ರೆಂಟಿಸ್ ಮುಗಿಸಿದ್ದಾನೆ. ಅಂಥವರಿಗೆ ಲೆವೆಲ್ ಒಂದರಲ್ಲಿ ನೂರಕ್ಕೆ 20 ಜಾಗ ಮೀಸಲು. “ನಿಂದ ನಕಲ ಮಾಡಿದ್ದು ಚೊಲೊ ಆತ ನೋಡು, ಪೂರ್ತಿ ಮಾಡಿದ್ರ ನಾನೂ ಬಿ.ಇ. ಆಗ್ತಿದ್ದೆ” ಎಂದು ಅವನು ಬೆನ್ನು ತಟ್ಟಿ ಹೋದ.

ಲೆವೆಲ್ ಒಂದಕ್ಕೆ ಲೇಖಿ ಪರೀಕ್ಷೆಯ ಮೇಲೆ ದೇಹದ ಪರೀಕ್ಷೆಯೂ ಇದೆ. ಗಂಡಸರಾದರೆ 35 ಕಿಲೋ ಭಾರ ಹೊತ್ತು, ಕೆಳಗಿಡದೆ, ಎರಡು ನಿಮಿಷದಲ್ಲಿ 100 ಮೀಟರ್ ಸಾಗಬೇಕು. 1,000 ಮೀಟರನ್ನು ನಾಲ್ಕು ನಿಮಿಷ ಹದಿನೈದು ಸೆಕೆಂಡಿನಲ್ಲಿ ಓಡಬೇಕು. ಈ ನಿಯಮ ಬರೆದವರು ಕುಮಟೆಯ ಆ ಕೀಮನ್‌ರನ್ನು ಕೇಳಿಯೇ ಬರೆದಿರಬೇಕು ಎಂದು ನನ್ನ ಗುಮಾನಿ. ಮೊದಲು ಓಡು, ಲೆಕ್ಕ ಆಮೇಲೆ. ಹುಡುಗ ಮನೆಯಲ್ಲಿದ್ದ ಗೋವಿನಜೋಳದ ಚೀಲವನ್ನು ಸೊಸಾಯಿಟಿಯ ತಕ್ಕಡಿಗೆ ಹಾಕಿ, ಸರಿಯಾಗಿ 35ಕ್ಕೆ ತಂದು, ಬಾಯಿ ಹೊಲಿದ. ಟೇಪಿನಿಂದ ರಸ್ತೆ ಅಳೆದು ಸುಣ್ಣದ ಗೆರೆ ಎಳೆದ. ಎಪಿಎಂಸಿಯಲ್ಲಿ ಹಮಾಲಿ ಮಾಡುವ ಬೋರ್‌ವೆಲ್ ಮಾರುತಿಯ ತಮ್ಮ ಅದನ್ನು ಒಂದು ಕೈಯಲ್ಲಿ ಎತ್ತಿ ನೋಡಿ, “ಇಷ್ಟಕ್ಕ ಬಿ.ಇ. ಮಾಡಬೇಕೇನೋ?” ಎಂದ.

ಹಗಲು ಊರವರ ಕಾಟ. ಹೀಗಾಗಿ ಶ್ರಾವಣದ ಒಂದು ಶನಿವಾರ ನಸುಕಿನಲ್ಲಿ, ಯಾರೂ ಇರುವುದಿಲ್ಲವೆಂದು ಬಾಗಲಕೋಟೆ ರಸ್ತೆಗೆ ಚೀಲ ಹೊತ್ತು ಹೋದ. ಶ್ರಾವಣ ಶನಿವಾರ ಬಾಗಲಕೋಟೆಯಿಂದ ಜನ ಬರಿಗಾಲಲ್ಲಿ ರಾತ್ರಿಯೆಲ್ಲ ನಡೆದು ಹನುಮಪ್ಪನಿಗೆ ಬರುತ್ತಾರೆ ಎಂಬುದು ತುಳಸಿಗೇರಿಯಲ್ಲಿ ಹುಟ್ಟಿದವನಿಗೆ ಮರೆತುಹೋಗಿತ್ತೆಂದರೆ, ಕಾರವಾರದ ಮಳೆ ಅವನನ್ನು ಎಷ್ಟು ತೊಳೆದಿರಬೇಕು ನೋಡಿ. ತೊಟ್ಟದ್ದು ಕಿತ್ತಳೆ ಜಾಕೀಟು, ತಲೆಯ ಮೇಲೆ ಚೀಲ, ಕೈಯಲ್ಲಿ ಸ್ಟಾಪ್‌ವಾಚು, ಬಾಯಲ್ಲಿ ಎಣಿಕೆ. ಎದುರಿನಿಂದ ಬಂದ ಭಕ್ತರು ಕಂಡವರೇ ದಾರಿ ಬಿಟ್ಟರು. ಕೇಸರಿಯ ಬಟ್ಟೆ, ತಲೆಯ ಮೇಲೆ ಭಾರ, ಓಟ, ಜಪ. ಇಂಥ ಕಠಿಣ ಹರಕೆ ಅವರೂ ಕಂಡಿರಲಿಲ್ಲ. ಯಾರೋ “ಜೈ ಬಜರಂಗಬಲಿ” ಎಂದರು, ಹತ್ತು ಮಂದಿ ದನಿಗೂಡಿಸಿದರು. ಸುಣ್ಣದ ಗೆರೆ ದಾಟಿ ಚೀಲ ಇಳಿಸಿ ಏದುಸಿರು ಬಿಡುತ್ತ ಕೂತವನ ಮುಂದೆ ಒಬ್ಬ ಮುದುಕಿ ಬಂದು, ಸೆರಗಿನ ಗಂಟಿನಿಂದ ಹತ್ತರ ನೋಟು ತೆಗೆದು ಚೀಲದ ಮೇಲೆ ಇಟ್ಟು ಕೈಮುಗಿದಳು.

“ಯವ್ವಾ, ಇದು ಹರಕಿ ಅಲ್ಲಬೇ...”

“ಹೇಳಬಾರದಪಾ, ಹೇಳಿದ್ರ ಫಲ ಹೋಗ್ತೈತಿ. ಏನ ಬೇಡ್ಕೊಂಡೀ, ನೌಕರಿ ಏನು?”

ಅವನಿಗೆ ಇಲ್ಲವೆನ್ನಲು ಉಸಿರಿರಲಿಲ್ಲ. ಹೂಂ ಎಂದು ತಲೆಯಾಡಿಸಿದ.

“ಕೊಡ್ತಾನ ತಗೋ. ನನ್ನ ಮೊಮ್ಮಗಗೂ ಕೊಟ್ಟಾನ, ಮೂರ ವರ್ಷ ಆತು.” ಮುದುಕಿ ನಾಲ್ಕು ಹೆಜ್ಜೆ ಮುಂದೆ ಹೋದವಳು ಏನೋ ನೆನಪಾಗಿ ತಿರುಗಿ ಬಂದಳು. ಬಗ್ಗಿ, ಹನುಮಪ್ಪನಿಗೂ ಕೇಳಿಸದಷ್ಟು ಸಣ್ಣಗೆ ಹೇಳಿದಳು: “ಪರ್ಮನೆಂಟ್ ಕೊಡು ಅಂತ ಬಿಡಿಸಿ ಬೇಡ್ಕೋ ತಮ್ಮಾ. ನಾವು ಬರೇ ನೌಕರಿ ಕೊಡು ಅಂತ ಕೇಳಿ ಕೆಟ್ಟೀವಿ.”